ಉಪ್ಪಾಗೆ: ಹೊಗೆ ನಮಗೆ, ಹೊನ್ನು ಯಾರಿಗೆ?

ಮಳೆಗಾಲ ಹಿಡಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಉಪ್ಪಾಗೆ ಒಲೆ ಹೊತ್ತಿಕೊಳ್ಳುತ್ತದೆ. ಹಣ್ಣಾಗುವುದೇ ಜಡಿಮಳೆಯಲ್ಲಿ. ಒಣಗಿಸೋಣ ಎಂದರೆ ಬಿಸಿಲೆಲ್ಲಿದೆ ಸ್ವಾಮಿ? ಕಾಡಿನ ಕಟ್ಟಿಗೆ ಉರಿಯಬೇಕು, ಮನೆಯ ಹೆಂಗಸರು ಹೊಗೆ ಕುಡಿಯಬೇಕು.

ಮೊದಲು ಈ ಸಿಪ್ಪೆ ಅಡುಗೆಯ ಹುಳಿಗೆ ಮಾತ್ರ ಸಾಕಾಗಿತ್ತು. 1965ರಲ್ಲಿ ಮೈಸೂರಿನ ಸಿ.ಎಫ್.ಟಿ.ಆರ್.ಐ.ನ ಲೂಯಿಸ್ ಮತ್ತು ನೀಲಕಂಠನ್, ಇದರ ಹುಳಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ ಎಂದು ಗುರುತಿಸಿದರು. 1990ರ ದಶಕದಲ್ಲಿ ಅಮೆರಿಕದಲ್ಲಿ ಬೊಜ್ಜು ಕರಗಿಸುವ ಮಾತ್ರೆಯ ಭರಾಟೆ ಎದ್ದಿತು. ನಮ್ಮ ಕಾಡಿನ ಹಣ್ಣಿಗೆ ಒಮ್ಮೆಲೇ ರೇಟು ಬಂತು.

ಫ್ಯಾಕ್ಟರಿಯಲ್ಲಿ ನಡೆಯುವುದಿಷ್ಟು: ಸಿಪ್ಪೆಯನ್ನು ನೀರಿಗೆ ಹಾಕಿ ಹುಳಿ ಇಳಿಸುತ್ತಾರೆ. ಆಲ್ಕೋಹಾಲು ಬೆರೆಸಿ ಅಂಟು ತೆಗೆಯುತ್ತಾರೆ, ಇದ್ದಿಲ ಪುಡಿಯಿಂದ ಬಣ್ಣ ತೆಗೆಯುತ್ತಾರೆ. ಆಮ್ಲವನ್ನು ಹಾಗೇ ಇಟ್ಟರೆ ರೂಪ ಬದಲಿಸಿಬಿಡುತ್ತದೆ. ಅದಕ್ಕೇ ಸುಣ್ಣವನ್ನೋ ಪೊಟ್ಯಾಷನ್ನೋ ಸೇರಿಸಿ ಲವಣ ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಲಾಭವೆಲ್ಲ ಈ ಶುದ್ಧೀಕರಣದಲ್ಲೇ ಇದೆ. ಚೀಲ ತುಂಬಿ ಕೊಡುವ ನಮಗೆ ಸಿಗುವುದು ಸಿಪ್ಪೆಯ ದರ ಮಾತ್ರ.

ಮಾತ್ರೆಯ ಕಥೆಯೂ ಕೇಳಿ. 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ನಡೆದ ಪರೀಕ್ಷೆಯಲ್ಲಿ, ಇದನ್ನು ನುಂಗಿದವರು ಬರೀ ಸಪ್ಪೆ ಗುಳಿಗೆ ನುಂಗಿದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಇಂಥ ಮಾತ್ರೆಗಳಿಂದ ಲಿವರ್ ಕೆಟ್ಟ ಪ್ರಕರಣಗಳೂ ವರದಿಯಾಗಿವೆ. ಇಂಥ ಬೇಡಿಕೆ ನಂಬಿ ಕಾಡು ಬೋಳಿಸುವುದು ಬುದ್ಧಿವಂತಿಕೆಯೇ?

ರೇಟು ಏರಿದಾಗ ಆದದ್ದೇನು? ಸೊಪ್ಪಿನ ಬೆಟ್ಟ ಇದ್ದವನು ಹಣ್ಣು ಮಾಗುವವರೆಗೆ ಕಾದ. ಅವನ ಮರ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ! ರಿಸರ್ವ್ ಕಾಡಿನಲ್ಲಿ ಮಾತ್ರ 'ನಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನು' ಎಂಬ ಪೈಪೋಟಿ. ಕಾಯಿ ಇರುವಾಗಲೇ ಕೊಯ್ದರು, ಟೊಂಗೆಯನ್ನೇ ಕಡಿದರು. ಬೀಜ ಬಲಿಯದಿದ್ದರೆ ನಾಳೆ ಸಸಿ ಎಲ್ಲಿಂದ? ಉಪ್ಪಾಗೆ ತುಪ್ಪ ಎಲ್ಲಿಂದ?

ಕೊಯ್ಯುವವರನ್ನಷ್ಟೇ ಬೈದು ಪ್ರಯೋಜನವಿಲ್ಲ. ವರ್ಷದ ಗುತ್ತಿಗೆ ಹಿಡಿದವನಿಗೆ ಮುಂದಿನ ವರ್ಷದ ಮರದ ಚಿಂತೆ ಎಲ್ಲಿಂದ ಬರಬೇಕು? ಅರಣ್ಯ ಇಲಾಖೆಯು ಗ್ರಾಮ ಅರಣ್ಯ ಸಮಿತಿಗಳಿಗೆ ಬಹುವರ್ಷದ ಹಕ್ಕು ಕೊಡಲಿ. ಮಾಗಿದ ಹಣ್ಣಿಗಷ್ಟೇ ದರ ಎಂದು ವ್ಯಾಪಾರಸ್ಥರು ಗಟ್ಟಿಯಾಗಿ ನಿಲ್ಲಲಿ. ಕಟ್ಟಿಗೆ ಕಡಿಮೆ ತಿನ್ನುವ ಒಲೆಗೆ ಸಹಕಾರಿ ಸಂಘಗಳು ಸಾಲ ಕೊಡಲಿ. ಹುಳಿ ಇಳಿಸುವ ಘಟಕ ಇಲ್ಲೇ ಬರಲಿ, ಆದರೆ ಅದರ ಹೊಲಸು ನೀರು ಹಳ್ಳಕ್ಕೆ ಬೇಡ.

ಮರ ಉಳಿದರೆ ತಾನೇ ಹುಳಿ, ಹುಳಿ ಇದ್ದರೆ ತಾನೇ ವ್ಯಾಪಾರ? ಮುಂದಿನ ಮಳೆಗಾಲಕ್ಕೆ ಮೊದಲೇ ಸಂಬಂಧಪಟ್ಟವರು ಎಚ್ಚೆತ್ತುಕೊಳ್ಳುವರೇ?