ಹಡಗಿನ ಪಟ್ಟಿಯಲ್ಲಿ ಹಳ್ಳಿಯ ಹೆಸರು

1860ರ ನವೆಂಬರ್ 16ರಂದು ‘ಟ್ರೂರೋ’ ಎಂಬ ಹಡಗು ಮದರಾಸಿನಿಂದ ಕರಾರು ಕೂಲಿಗಳನ್ನು ಹೊತ್ತು ಡರ್ಬನ್ ತಲುಪಿತು. ಮುಂದೆ 1911ರವರೆಗೆ ಹೀಗೆ ನಟಾಲಿನ ಕಬ್ಬಿನ ಸೀಮೆಗೆ ಸಾಗಿದ ಭಾರತೀಯರು ಒಂದೂವರೆ ಲಕ್ಷಕ್ಕೂ ಮಿಗಿಲು. ಹಡಗಿನ ಪಟ್ಟಿಗಳು ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಗ್ರಾಮಗಳನ್ನು ದಾಖಲಿಸಿವೆ. ಮೈಮೇಲಿನ ಮಚ್ಚೆ, ಗಾಯದ ಕಲೆಗಳೂ ಅಲ್ಲಿವೆ. ಆಡುನುಡಿಗೆ ಮಾತ್ರ ಅಂಕಣವಿಲ್ಲ.

ಇದರ ಪರಿಣಾಮ ಸಣ್ಣದಲ್ಲ. ಮದರಾಸಿನಲ್ಲಿ ಹಡಗು ಹತ್ತಿದವರೆಲ್ಲ ಕ್ರಮೇಣ ‘ಮದರಾಸಿ’ಗಳಾದರು; ಅವರೊಳಗಿದ್ದ ಮೈಸೂರು ಸೀಮೆಯವರು ತಮಿಳು, ತೆಲುಗು ಸಮುದಾಯಗಳಲ್ಲಿ ಕರಗಿದರು. ಇಂದು ಮೂಲ ಹುಡುಕುವ ಮರಿಮಕ್ಕಳಿಗೆ ಹಡಗಿನ ಹೆಸರು ಸಿಕ್ಕೀತು, ಊರು ಸಿಕ್ಕುವುದು ಕಷ್ಟ. ರೋಮನ್ ಲಿಪಿಯಲ್ಲಿ ಲಕಾರ-ಳಕಾರಗಳಿಗೆ, ನಕಾರ-ಣಕಾರಗಳಿಗೆ ಭೇದವಿಲ್ಲ. ಹ್ರಸ್ವವೋ ದೀರ್ಘವೋ ತಿಳಿಯದು. ತಮಿಳು ಬಲ್ಲ ಗುಮಾಸ್ತನ ಕಿವಿಗೆ ‘ಹಳ್ಳಿ’ಯು ‘ಪಳ್ಳಿ’ ಎಂದೇ ಕೇಳಿಸಿದ್ದರೆ ಅಚ್ಚರಿಯೇನು? ‘ಅಪ್ಪ’ ಎಂದು ಮುಗಿಯುವ ಹೆಸರು ಕಂಡೊಡನೆ ಕನ್ನಡಿಗನೆಂದು ಸಂಭ್ರಮಿಸುವುದೂ ಸಲ್ಲದು. ಅದು ತೆಲುಗಿನಲ್ಲೂ ಉಂಟು. ಜಿಲ್ಲೆ, ಜಾತಿ, ತಂದೆಯ ಹೆಸರುಗಳನ್ನು ಒಟ್ಟಿಗಿಟ್ಟೇ ಓದಬೇಕು.

ಈ ಬಗೆಯ ಓದು ಕನ್ನಡ ವಿಭಾಗಗಳಿಗೆ ಹೊಸದೇನಲ್ಲ. ಸವೆದ ಶಾಸನದ ಅರ್ಧ ಅಕ್ಷರದಿಂದ ಊರನ್ನು ಗುರುತಿಸುವ ಸ್ಥಳನಾಮ ಪರಿಣತಿ ಇಲ್ಲಿದೆ. ಆದರೂ ದತ್ತಿ ಕೊಟ್ಟ ಅರಸನಿಗೆ ಸಂದ ಶ್ರಮ ಕೂಲಿಗೆ ಹೋದವನಿಗೆ ಸಂದಿಲ್ಲ. ಸಂಶೋಧನ ವಿಷಯಕ್ಕಾಗಿ ತಡಕಾಡುವ ವಿದ್ಯಾರ್ಥಿಯೊಬ್ಬ ಒಂದೇ ಹಡಗಿನ ಪಟ್ಟಿಯನ್ನು ಆ ಕಾಲದ ಗ್ರಾಮನಾಮಗಳೊಡನೆ ತಾಳೆನೋಡಿದರೂ ಸಾಕು, ಕೆಲವು ಮನೆತನಗಳಿಗೆ ಊರು ದೊರೆತೀತು.