ಅನುಮಾನಕ್ಕೊಂದು ಅಳತೆ

ನಾನು ಓದಿದ ಗಡಿಭಾಗದ ಶಾಲೆಯಲ್ಲಿ ಒಂದು ತಾಸು ಮರಾಠಿಯಾದರೆ ಮುಂದಿನ ತಾಸು ಕನ್ನಡ. ಮರಾಠಿಯ ಗುರುಗಳು ‘ಅನುಮಾನ’ವೆಂದರೆ ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು ಎನ್ನುತ್ತಿದ್ದರು. ಕನ್ನಡದ ತಾಸಿಗೆ ಬಂದರೆ ಅದೇ ಪದಕ್ಕೆ ಸಂಶಯವೆಂಬ ಅರ್ಥ. ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವ ನ್ಯಾಯಶಾಸ್ತ್ರದ ಅನುಮಾನ ಮರಾಠಿಯಲ್ಲಿ ಹಾಗೆಯೇ ಉಳಿದಿದೆ. ನಮ್ಮ ಆಡುಮಾತಿನಲ್ಲಿ ಅದು ಶಂಕೆಯಾಗಿದೆ. ಈ ಎರಡು ಅರ್ಥಗಳನ್ನೂ ಒಟ್ಟಿಗೆ ದುಡಿಸಿಕೊಳ್ಳುವ ಶಾಸ್ತ್ರವೊಂದಿದೆ, ಅದು ಸಂಖ್ಯಾಶಾಸ್ತ್ರ ಎಂಬುದು ನನಗೆ ಮನದಟ್ಟಾದದ್ದು ಐವತ್ತು ದಾಟಿದ ಮೇಲೆ, ತಾಳವಾಡಿ ಬೆಟ್ಟಸೀಮೆಯ ಜೀರಹಳ್ಳಿಯಲ್ಲಿ.

ಜೀರಹಳ್ಳಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ಊರು. ಆಡಳಿತಕ್ಕೆ ತಮಿಳುನಾಡಿನ ಈರೋಡು ಜಿಲ್ಲೆ, ಮನೆಮಾತಿಗೆ ಕನ್ನಡ. ಸುತ್ತ ಕಾಡು, ನಡುವೆ ಕೋಸು, ಟೊಮ್ಯಾಟೊ, ರಾಗಿಯ ಹೊಲಗಳು. ನಾನು ಹೋದ ದಿನ ಅವನ ತಂದೆಯವರು ಸಿಟ್ಟಿನಲ್ಲಿದ್ದರು. ಎಲೆಕೋಸಿನ ಬೀಜದ ಪೊಟ್ಟಣದ ಮೇಲೆ ಮೊಳಕೆ ಪ್ರಮಾಣ ಕನಿಷ್ಠ ಶೇ. 70 ಎಂದಿತ್ತು, ಪರೀಕ್ಷೆಗೆಂದು ಎಣಿಸಿ ಬಿತ್ತಿದ 100 ಬೀಜಗಳಲ್ಲಿ 64 ಮಾತ್ರ ಮೊಳೆತಿದ್ದವು. “ಎಪ್ಪತ್ತು ಅಂತ ಬರ್ದವ್ರೆ, ಅರವತ್ನಾಕೇ ಹುಟ್ಟಿರದು. ಇದು ಮೋಸ ಅಲ್ವಾ ಮೇಷ್ಟ್ರೇ?” ಎಂದರು. ಮಗನಿಗೆ ಅಷ್ಟು ಖಚಿತವಿರಲಿಲ್ಲ. ಅಂಗಡಿಯವರೊಡನೆ ಜಗಳವಾದರೆ ಮುಂದಿನ ಸಾಲಿನ ಗೊಬ್ಬರದ ಉದ್ದರಿ ನಿಲ್ಲುತ್ತದೆ; ಸುಮ್ಮನಿದ್ದರೆ ಒಂದು ಬೆಳೆಯೇ ಕೈತಪ್ಪಬಹುದು.

ಊಹಾಪರೀಕ್ಷೆ ಇಲ್ಲಿಂದಲೇ ಆರಂಭವಾಗುತ್ತದೆ. ಅದು ಮೊದಲು ಎದುರಾಳಿಯ ಮಾತನ್ನು ಒಪ್ಪಿಕೊಳ್ಳುತ್ತದೆ. ಪೊಟ್ಟಣದ ಬರಹ ನಿಜವೆಂದೇ ಇಟ್ಟುಕೊಳ್ಳೋಣ. ಹಾಗಿದ್ದರೂ ನೂರು ಬೀಜಗಳ ಪ್ರತಿಯೊಂದು ಎಣಿಕೆಯಲ್ಲಿಯೂ ಸರಿಯಾಗಿ 70 ಮೊಳೆಯುವುದಿಲ್ಲ. ಒಮ್ಮೆ 74, ಒಮ್ಮೆ 67. ಇಂತಹ ಒಳ್ಳೆಯ ಬೀಜದಲ್ಲಿಯೂ 64 ಅಥವಾ ಅದಕ್ಕಿಂತ ಕಡಿಮೆ ಮೊಳೆಯುವುದು ಎಷ್ಟು ಸಲ? ಲೆಕ್ಕ ಹಾಕಿದರೆ ನೂರು ಸಲದಲ್ಲಿ ಹತ್ತುಹನ್ನೆರಡು ಸಲ. ಅಷ್ಟು ಸುಲಭವಾಗಿ ಆಕಸ್ಮಿಕವೇ ತಂದೊಡ್ಡಬಲ್ಲ ಸಂಗತಿಯನ್ನು ಹಿಡಿದು ಯಾರನ್ನೂ ಮೋಸಗಾರರೆನ್ನಲಾಗದು. ಆದರೆ 400 ಬೀಜ ಬಿತ್ತಿ 256 ಮೊಳೆತಿದ್ದರೆ? ಪ್ರಮಾಣ ಅದೇ ಶೇ. 64. ಆಗ ಆಕಸ್ಮಿಕದ ಪಾಲು ಸಾವಿರಕ್ಕೆ ಐದಾರು ಮಾತ್ರ. ಶಂಕೆಗೆ ಬಲವಾದ ಆಧಾರ ದೊರೆತಂತೆ. ಬೀಜ ಪರೀಕ್ಷಾ ಪ್ರಯೋಗಾಲಯಗಳು ನೂರರಂತೆ ನಾಲ್ಕು ಬಾರಿ, ಒಟ್ಟು 400 ಬೀಜಗಳನ್ನು ಎಣಿಸುವುದು ವೃಥಾ ಶ್ರಮವಲ್ಲ.

ಇನ್ನು ವಿಶ್ವಾಸಾಂತರ. ಹೆಸರು ಕಠಿಣವೆನಿಸಿದರೂ ವಸ್ತು ನಮಗೆ ಹೊಸದಲ್ಲ. ‘ನಾಲ್ಕೈದು ಜನ’, ‘ಹತ್ತುಹನ್ನೆರಡು ಮೂಟೆ’ ಎನ್ನುವಾಗ ನಾವು ಒಂದು ಸಂಖ್ಯೆಯನ್ನು ಹೇಳುವುದಿಲ್ಲ, ಒಂದು ವ್ಯಾಪ್ತಿಯನ್ನು ಹೇಳುತ್ತೇವೆ. ಸಂಸ್ಕೃತ ವೈಯಾಕರಣರು ‘ದ್ವಿತ್ರಾಃ’ ಎಂಬುದನ್ನು ಬಹುವ್ರೀಹಿಯಲ್ಲಿ ಸೇರಿಸಿದ್ದನ್ನು ನೀವು ಬಲ್ಲಿರಿ. ಸಂಖ್ಯಾಶಾಸ್ತ್ರ ಆ ವ್ಯಾಪ್ತಿ ಎಷ್ಟು ಅಗಲವಿರಬೇಕೆಂಬುದನ್ನು ಅಳೆದು ಹೇಳುತ್ತದೆ. ನೂರರಲ್ಲಿ 64 ಎಂದರೆ ನಿಜವಾದ ಪ್ರಮಾಣ ಸುಮಾರು 55ರಿಂದ 73ರ ನಡುವೆ. ನಾನೂರರಲ್ಲಿ 256 ಎಂದರೆ 59ರಿಂದ 69ರ ನಡುವೆ. ಇದಕ್ಕೆ ಶೇ. 95ರ ವಿಶ್ವಾಸವೆಂದರೆ, ಈ ಕ್ರಮದಲ್ಲಿ ನೂರು ಬಾರಿ ವ್ಯಾಪ್ತಿ ಕಟ್ಟಿದರೆ ಸುಮಾರು 95 ಬಾರಿ ನಿಜವಾದ ಪ್ರಮಾಣ ಅದರೊಳಗೆ ಸಿಕ್ಕುತ್ತದೆ ಎಂದರ್ಥ. ಐದು ಬಾರಿ ತಪ್ಪುವುದೆಂದು ಮೊದಲೇ ಒಪ್ಪಿಕೊಂಡು ಆಡುವ ಮಾತು ಅದು.

ಈ ವಿದ್ಯೆ ವ್ಯಾಪಾರದ ಮಗ್ಗುಲಲ್ಲಿಯೇ ಬೆಳೆದದ್ದು. ಡಬ್ಲಿನ್ನಿನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ವಿಲಿಯಂ ಗಾಸೆಟ್, ಕೆಲವೇ ಮಾದರಿಗಳಿಂದ ಎಷ್ಟು ಧೈರ್ಯವಾಗಿ ತೀರ್ಮಾನಿಸಬಹುದೆಂಬ ಪ್ರಶ್ನೆಗೆ 1908ರಲ್ಲಿ ಉತ್ತರ ಪ್ರಕಟಿಸಿದರು. ಸ್ವಂತ ಹೆಸರಿನಲ್ಲಲ್ಲ, ‘ಸ್ಟೂಡೆಂಟ್’, ಅಂದರೆ ವಿದ್ಯಾರ್ಥಿ, ಎಂಬ ಹೆಸರಿನಲ್ಲಿ. ಆ ಶಾಸ್ತ್ರವನ್ನು ಬಹುದೂರ ಬೆಳೆಸಿದ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ.

ಆದರೂ ಲೆಕ್ಕವೇ ತೀರ್ಪು ಕೊಡುತ್ತದೆಂದು ನಂಬಬಾರದು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಆಗಬಹುದಾದ ತಪ್ಪು ಎರಡು ಬಗೆಯದು: ಒಳ್ಳೆಯ ಬೀಜವನ್ನು ಕಳಪೆಯೆಂದು ದೂರುವುದು, ಕಳಪೆ ಬೀಜವನ್ನು ಒಳ್ಳೆಯದೆಂದು ಬಿತ್ತುವುದು. ಒಂದನ್ನು ತಡೆಯಲು ಬಿಗಿಯಾದಷ್ಟೂ ಇನ್ನೊಂದಕ್ಕೆ ದಾರಿ ಸಡಿಲವಾಗುತ್ತದೆ. ನೂರಕ್ಕೆ ಐದೆಂಬ ರೂಢಿಯ ಗೆರೆ ದೈವದತ್ತವಲ್ಲ. ಊರೆದುರು ಒಬ್ಬರ ಮರ್ಯಾದೆ ತೆಗೆಯುವ ಮಾತಾದರೆ ಇನ್ನೂ ಬಲವಾದ ಸಾಕ್ಷಿ ಬೇಕು. ಸಸಿಮಡಿಗೆ ನಾಲ್ಕು ಹಿಡಿ ಬೀಜ ಹೆಚ್ಚು ಹಾಕುವುದಕ್ಕೆ ಅಷ್ಟು ಬೇಡ. ಯಾವ ತಪ್ಪಿನ ಬೆಲೆಯನ್ನು ಯಾರು ತೆರುತ್ತಾರೆಂಬುದು ಮನುಷ್ಯರ ಪ್ರಶ್ನೆ. ಪ್ರಯೋಗಾಲಯದ ತೇವ, ಶಾಖಗಳು ಬೆಟ್ಟದ ಮನೆಯಂಗಳದಲ್ಲಿರುವುದಿಲ್ಲ ಎಂಬುದನ್ನೂ ಯಾವ ಸೂತ್ರವೂ ತಾನಾಗಿ ನೆನಪಿಸದು.

ಆ ಹುಡುಗ ಇನ್ನೂ 300 ಬೀಜ ಎಣಿಸಿ ಬಿತ್ತಿದ; 207 ಮೊಳೆತವು. ಒಟ್ಟು 400ಕ್ಕೆ 271, ಅಂದರೆ ಸುಮಾರು 63ರಿಂದ 72ರ ವ್ಯಾಪ್ತಿ. ಎಪ್ಪತ್ತು ಅದರೊಳಗೇ ಇದೆ. ಮೋಸ ಸಿದ್ಧವಾಗಲಿಲ್ಲ, ಬರಹ ನಿಜವೆಂದೂ ಸಿದ್ಧವಾಗಲಿಲ್ಲ. ಈ ವ್ಯತ್ಯಾಸವನ್ನು ಅವನು ತಂದೆಯವರಿಗೆ ವಿವರಿಸಿದ್ದು ಮನೆಯ ಕನ್ನಡದಲ್ಲಿ. ಹತ್ತು ಸಾವಿರ ಸಸಿ ಬೇಕಾದರೆ ಎಪ್ಪತ್ತರ ಲೆಕ್ಕದಲ್ಲಿ 14,300 ಬೀಜ ಸಾಲದೆ ಹೋಗಬಹುದು, ಕೆಳಗಿನ ತುದಿಯನ್ನು ನಂಬಿ 16,000 ಹಾಕೋಣ ಎಂದ. ಜಗಳ ನಿಂತಿತು, ಬಿತ್ತನೆ ನಡೆಯಿತು.

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತಮಿಳು, ಲೆಕ್ಕದ ಪುಸ್ತಕದಲ್ಲಿ ಇಂಗ್ಲಿಷ್ ಎನ್ನುವ ಊರಿನಲ್ಲಿ ಆ ವಿವರಣೆಯನ್ನು ಕೊಡಬಲ್ಲವನು ಐಚ್ಛಿಕ ಕನ್ನಡ ಓದಿದ ಹುಡುಗನೇ ಆಗಿದ್ದ. ಸಂಖ್ಯೆ ನಮ್ಮ ವಿಷಯವಲ್ಲವೆಂದು ನೀವು ದೂರ ಸರಿದರೆ, ಶೇಕಡಾವಾರು ಹಿಡಿದು ಬರುವ ಪ್ರತಿಯೊಬ್ಬನ ಮಾತನ್ನೂ ನಿಮ್ಮ ಮನೆಯವರು ನಂಬಬೇಕಾಗುತ್ತದೆ, ಇಲ್ಲವೇ ಸುಮ್ಮನೆ ಶಂಕಿಸಬೇಕಾಗುತ್ತದೆ. ಮುಂದಿನ ಸಲ ಯಾರಾದರೂ ನೂರಕ್ಕೆ ಇಷ್ಟು ಎಂದಾಗ, ಎಷ್ಟನ್ನು ಎಣಿಸಿ ಹೇಳುತ್ತಿದ್ದೀರಿ ಎಂದು ಕನ್ನಡದಲ್ಲಿಯೇ ಕೇಳಿ.