ಹೆಳವರ ವಂಶಾವಳಿ, ದೇಶದ ವಂಶಾವಳಿ



ಕಳೆದ ಅಮಾವಾಸ್ಯೆಯಂದು ಮಠಕ್ಕೆ ಬಂದಿದ್ದ ಹಿರಿಯರೊಬ್ಬರು ನಮಸ್ಕರಿಸಿ ಕುಳಿತು, ತುಸು ಸಂಕೋಚದಿಂದಲೇ ಕೇಳಿದರು: "ಅಜ್ಜಾರ, ನಾವು ಆರ್ಯರೋ ದ್ರಾವಿಡರೋ ಅಂತ ಮೊಮ್ಮಗ ಕೇಳ್ತಾನ್ರಿ. ಹೊರಗಿಂದ ಬಂದವರಿಗೆ ಈ ದೇಶ ಸೇರಿದ್ದಲ್ಲ ಅಂತಾನ. ಏನ್ ಹೇಳ್ಲಿ?" ಪ್ರಶ್ನೆ ಸಣ್ಣದಲ್ಲ. ಒಂದೇ ಕೆರೆಯ ನೀರು ಕುಡಿದ ಮಕ್ಕಳು ಸಾವಿರಾರು ವರ್ಷಗಳ ಹಿಂದಿನ ಕಥೆ ಹಿಡಿದು ಒಬ್ಬರನ್ನೊಬ್ಬರು ಪರಕೀಯರೆನ್ನುವಾಗ ಹಿರಿಯರಾದ ನಾವು ಸುಮ್ಮನೆ ಕೂಡಲಾಗದು.

ಈ ಮಾತು ಹುಟ್ಟಿದ್ದು ಭಾಷೆಯ ಅಧ್ಯಯನದಿಂದ. 1786ರಲ್ಲಿ ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದವಿರಬೇಕೆಂದನು. 1856ರಲ್ಲಿ ಪಾದ್ರಿ ಕಾಲ್ಡ್‌ವೆಲ್ ಕನ್ನಡ, ತಮಿಳು, ತೆಲುಗುಗಳದು ಬೇರೆಯೇ ಕುಟುಂಬವೆಂದು ವ್ಯಾಕರಣ ಬರೆದನು. ಅಲ್ಲಿಯವರೆಗೆ ಸರಿಯೇ. ಭಾಷೆಯ ಕುಟುಂಬವನ್ನು ರಕ್ತದ ಕುಟುಂಬವೆಂದು ತಿಳಿದದ್ದೇ ಕೇಡಾಯಿತು. ಆರ್ಯ ಎಂಬುದು ಭಾಷೆಗೆ ಸಲ್ಲುವ ಮಾತು, ರಕ್ತಕ್ಕಲ್ಲ ಎಂದು ಮ್ಯಾಕ್ಸ್ ಮುಲ್ಲರ್ 1888ರಲ್ಲೇ ಎಚ್ಚರಿಸಿದರು. ಕೇಳಿದವರಾರು? ಜರ್ಮನಿಯಲ್ಲಿ 1933ರಿಂದ ಸರಕಾರಿ ನೌಕರರು ತಮ್ಮ ಅಜ್ಜ-ಅಜ್ಜಿಯರೂ ಆರ್ಯರೆಂದು ದಾಖಲೆ ತೋರಿಸಬೇಕಾಯಿತು. ಆ ದಾರಿ ಸುಮಾರು 60 ಲಕ್ಷ ಯಹೂದ್ಯರ ಕೊಲೆಯವರೆಗೆ ಹೋಯಿತು.

ನಮ್ಮಲ್ಲಿಯೂ ಈ ಕಥೆ ನಾನಾ ರೂಪ ತಾಳಿತು. ಹೊರಗಿನಿಂದ ಬಂದವರು ಇಲ್ಲಿನವರನ್ನು ಗುಲಾಮರನ್ನಾಗಿಸಿದರೆಂದು ಜೋತಿಬಾ ಫುಲೆಯವರು 1873ರಲ್ಲಿ ಬರೆದರು. ಅವರ ಸಂಕಟ ನಿಜವಾದದ್ದು. ಅದಕ್ಕೆ ಪುರಾತನ ದಾಳಿಯ ಸಾಕ್ಷಿ ಬೇಕಿರಲಿಲ್ಲ ಎಂಬುದು ನಮ್ಮ ಅಭಿಪ್ರಾಯ. ಅಂಬೇಡ್ಕರರು 1946ರಲ್ಲಿ ಆರ್ಯಜನಾಂಗದ ದಾಳಿಯ ವಾದವನ್ನೇ ತಳ್ಳಿಹಾಕಿದರು.

ಹರಿಯಾಣದ ರಾಖಿಗಢಿಯಲ್ಲಿ ದೊರೆತ ಸಿಂಧೂ ನಾಗರಿಕತೆಯ ಸ್ತ್ರೀಯೊಬ್ಬಳ ಅಸ್ಥಿಯ ಪರೀಕ್ಷೆ 2019ರಲ್ಲಿ ಪ್ರಕಟವಾಯಿತು. ಅವಳಲ್ಲಿ ಮಧ್ಯ ಏಷ್ಯಾದ ಹುಲ್ಲುಗಾವಲಿನ ಪಶುಪಾಲಕರ ಅಂಶವಿರಲಿಲ್ಲ. ಆ ಅಂಶ ಕ್ರಿ.ಪೂ. 2000ದಿಂದ 1500ರ ಸುಮಾರಿಗೆ ಇಲ್ಲಿ ಬೆರೆಯಿತೆಂದು ಅದೇ ವರ್ಷ ಇನ್ನೊಂದು ಅಧ್ಯಯನ ತಿಳಿಸಿತು. ಮೊದಲನೆಯದನ್ನು ಒಬ್ಬರು, ಎರಡನೆಯದನ್ನು ಮತ್ತೊಬ್ಬರು ಎತ್ತಿಕೊಂಡು ಜಯಘೋಷ ಮಾಡಿದರು. ಸಿಂಧೂ ಜನರ ಅಂಶ ಉತ್ತರದವರಲ್ಲೂ ದಕ್ಷಿಣದವರಲ್ಲೂ ಇದೆ, ಹೆಚ್ಚುಕಡಿಮೆ ನಾವೆಲ್ಲರೂ ಬೆರೆತವರೇ ಎಂಬ ಮಾತು ಮಾತ್ರ ಯಾರಿಗೂ ಬೇಡವಾಯಿತು. ನಾವು ಎಂದೂ ಇಲ್ಲಿಯವರೇ ಎನ್ನುವವನೂ, ನೀನು ಬಂದವನು ಎನ್ನುವವನೂ ಪೂರ್ವಜರನ್ನು ಹೊಲದ ಉತಾರದಂತೆ ಕೈಯಲ್ಲಿ ಹಿಡಿದಿದ್ದಾರೆ.

ಎತ್ತಿನೊಡನೆ ಊರೂರು ತಿರುಗುವ ಹೆಳವರು ಮನೆತನದ ವಂಶಾವಳಿ ಹೇಳುವುದನ್ನು ನೀವು ಕೇಳಿದ್ದೀರಿ. ನಿಮ್ಮ ಮೂಲಪುರುಷ ಬರಗಾಲದಲ್ಲಿ ಇಂಥ ಊರು ಬಿಟ್ಟು ಬಂದ ಎನ್ನುತ್ತಾರೆ. ನಾವು ಕಾಳು ಕೊಟ್ಟು ಕಳಿಸುತ್ತೇವೆಯೇ ಹೊರತು, ಬಂದ ಮನೆತನದ ಹೊಲ ಕಸಿದುಕೊಳ್ಳುವುದಿಲ್ಲ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಇಲ್ಲಿ ಕಟ್ಟಿಗೆ ಮಾರಿ ಬಾಳಿದರು. ಅವರನ್ನು ಹೊರಗಿನವರೆಂದು ಎಣಿಸಿದ ಭಕ್ತರನ್ನು ನಾವು ಕಂಡಿಲ್ಲ.

ಇಷ್ಟನ್ನು ಆ ಹಿರಿಯರಿಗೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಹೆಳವ ಬಂದಾಗ ಮೊಮ್ಮಗನ್ನ ಮುಂದ ಕುಂದರಸ್ತೀನ್ರಿ" ಎನ್ನುತ್ತ ಎದ್ದರು.